ಮೀಟರ್ ಬೋರ್ಡಿನ ಹಳದಿ ದೀಪ

ಅಜ್ಜಂಪುರ
೩ ಜೂನ್ ೨೦೨೫

ರೀ,

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಟಾರ್ಪಾಲು ಹೊದ್ದು ನಿಂತಿದ್ದ ನಮ್ಮ ಗಾಡಿಯನ್ನು ಹೊರಗೆ ತೆಗೆಸಿದೆ. ಡೀಸೆಲ್ ಟ್ಯಾಂಕು ತೊಳೆಸಿ, ಹೊಸ ಬ್ಯಾಟರಿ ಹಾಕಿಸಿದ ಮೇಲೆ ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಸದ್ದು ಕೇಳಿ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ನೀವೇ ಬಿಡುಗಡೆಯಾಗಿ ಬಂದಿರಿ ಎಂದುಕೊಂಡರಂತೆ. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಕಾರಣ ಹೇಳುತ್ತೇನೆ. ಬುಕ್ಕಾಂಬುಧಿ ಕಡೆಯಿಂದ ಮೂವರು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳಲು ತರೀಕೆರೆಗೆ ಹೋಗಬೇಕು. ಅವರಲ್ಲಿ ಜಯದೇವಪ್ಪ ಮೇಷ್ಟ್ರೂ ಒಬ್ಬರು. ಅವರ ಮನೆ ಹೊಲದ ನಡುವೆ ಇದೆ. ಮಳೆ ಹಿಡಿದರೆ ಆ ಕೆಸರಿನಲ್ಲಿ ಆಟೋ ಹೋಗುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿ ಸುತ್ತಮುತ್ತ ಇರುವುದು ನಮ್ಮದೊಂದೇ. "ನೀನು ಓಡಿಸೋದಾದ್ರೆ ನಾನು ಧೈರ್ಯವಾಗಿ ಕೂರ್ತೀನಮ್ಮ" ಎಂದರು ಮೇಷ್ಟ್ರು. ನಾನು ಒಪ್ಪಿಕೊಂಡೆ. ಓಡಿಸಲು ಕಲಿಸಿದವರು ನೀವೇ ಅಲ್ಲವೇ.

ಆ ಸಂಜೆಯ ನಂತರ ನೀವು ಆ ಗಾಡಿಯನ್ನು ಮುಟ್ಟಲಿಲ್ಲ. ಕೆರೆಯ ನೀರು ಬಿಡುವ ನೀರುಗಂಟಿ ಲಕ್ಷ್ಮಣಪ್ಪ ಕುಡಿದು ಕೆರೆ ಏರಿಯ ಮೇಲೆ ಅಡ್ಡ ಬಂದ. ಅವನ ಜೀವವೂ ಹೋಯಿತು, ಕೇಸು ನಡೆದು ಈ ಫೆಬ್ರವರಿಯಿಂದ ನಿಮಗೆ ಒಂದು ವರ್ಷ ಜೈಲೂ ಆಯಿತು. ಅದರಲ್ಲಿ ಗಾಡಿಯದೇನು ತಪ್ಪು?

ಈಗ ತೊಂದರೆ ಏನೆಂದರೆ, ಕೈ ಬ್ರೇಕು ಇಳಿಸಿದರೂ ಸ್ಟೀರಿಂಗಿನ ಮುಂದಿನ ಮೀಟರ್ ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಆರುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಭೇಟಿಗೆ ಬರಬೇಡ ಎಂದು ನೀವೇ ಹೇಳಿ ಕಳಿಸಿದ್ದೀರಿ. ವಾರದ ಐದು ನಿಮಿಷದ ಫೋನು ಅತ್ತೆ ಅಳುವುದಕ್ಕೇ ಮುಗಿಯುತ್ತದೆ. ಅದಕ್ಕೇ ಕಾಗದ. ವಿವರವಾಗಿ ಬರೆಯಿರಿ.

ಪ್ರತಿಮಾ


ಶಿವಮೊಗ್ಗ ಕಾರಾಗೃಹ
೧೧ ಜೂನ್ ೨೦೨೫

ಪ್ರತಿಮಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ರಾತ್ರಿ ಇನ್ನೊಂದು ಸಲ ಓದಿದೆ. ನೀನು ಒಂದು ಸಲ ಹೂಂ ಅಂದ ಮೇಲೆ ಬಿಡುವವಳಲ್ಲ ಎಂದು ಮದುವೆಯಾದ ತಿಂಗಳಲ್ಲೇ ಗೊತ್ತಾಗಿತ್ತು. ಹಾಗಾಗಿ ಬರೆಯುತ್ತೇನೆ.

ಬಾನೆಟ್ ಎತ್ತಿದರೆ ಡ್ರೈವರ್ ಸೀಟಿನ ನೇರಕ್ಕೆ, ಹಿಂದೆ, ಬಿಳಿ ಪ್ಲಾಸ್ಟಿಕ್ ಡಬ್ಬಿ ಇದೆ. ಅದು ಬ್ರೇಕ್ ಆಯಿಲ್. ಮೇಲಿನ ಗೆರೆಗಿಂತ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡ. ಯಾಕೆ ಇಳಿಯಿತು ಎಂದು ನೋಡು. ಬ್ರೇಕ್ ಪ್ಯಾಡು ಸವೆದಿದ್ದರೆ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ನಾಲ್ಕೂ ಚಕ್ರದ ಒಳಬದಿಯಲ್ಲಿ ಒದ್ದೆ ಇದೆಯೇ ಎಂದು ಕೈಯಾಡಿಸಿ ನೋಡು. ಕೈ ಬ್ರೇಕಿನ ಬುಡದಲ್ಲಿ ಚಿಕ್ಕ ಸ್ವಿಚ್ಚಿದೆ, ತುಕ್ಕು ಹಿಡಿದು ಅಂಟಿಕೊಂಡಿದ್ದರೂ ಕೆಂಪು ದೀಪ ಆರುವುದಿಲ್ಲ. ಹಳೆಯ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸು. ನಾಲ್ಕು ವರ್ಷ ನಿಂತ ಆಯಿಲಿನಲ್ಲಿ ನೀರು ಸೇರಿರುತ್ತದೆ.

ಇಷ್ಟು ಮಾಡಿದರೆ ಸಾಕು. ಮೀಟರ್ ಬೋರ್ಡು ಮಾತ್ರ ಯಾರಿಂದಲೂ ಬಿಚ್ಚಿಸಬೇಡ. ಹಳೆಯ ಪ್ಲಾಸ್ಟಿಕ್ಕು, ಕ್ಲಿಪ್ಪು ಮುರಿದರೆ ಮತ್ತೆ ಸಿಗುವುದಿಲ್ಲ. ಮತ್ತೆ ಬುಕ್ಕಾಂಬುಧಿಗೆ ಹೋಗುವಾಗ ಏರಿಯ ಮೇಲೆ ಹೋಗಬೇಡ, ದೂರವಾದರೂ ಸುತ್ತಿ ಹೋಗು.

ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹಾಕಿರುವ ಅರ್ಜಿ ಆಗಸ್ಟ್ ಕೊನೆಯಲ್ಲಿ ವಿಚಾರಣೆಗೆ ಬರಬಹುದು ಎಂದಿದ್ದಾರೆ ವಕೀಲರು. ಅವನು ಅಡ್ಡ ಬಂದ ಎಂಬುದನ್ನೇ ಬಲವಾಗಿ ಹಿಡಿದಿದ್ದಾರೆ. ಅದು ನಮ್ಮ ಕಡೆ ಆದರೆ ಸೆಪ್ಟೆಂಬರಿಗೇ ಬಂದುಬಿಡುತ್ತೇನೆ. ಅಲ್ಲಿಯವರೆಗೆ ನೀನು ಕಾಯಬಹುದಿತ್ತು.

ಸಿದ್ದೇಶ್


ಅಜ್ಜಂಪುರ
೧೯ ಜೂನ್ ೨೦೨೫

ರೀ,

ನೀವು ಹೇಳಿದ್ದೆಲ್ಲ ಸರಿಯಾಗಿತ್ತು. ಆಯಿಲ್ ಇಳಿದಿತ್ತು. ಹಿಂದಿನ ಎಡ ಚಕ್ರದ ಒಳಗೆ ಕೈ ಇಟ್ಟರೆ ಜಿಡ್ಡು ಜಿಡ್ಡಾಗಿ ಬಂತು. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ನಾಗೇಶ್ ಎಂಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಪಕ್ಕದಲ್ಲೇ ಅವರ ಅಣ್ಣನ ಬ್ರೇಕ್ ಕೆಲಸದ ಅಂಗಡಿ. ಅಲ್ಲಿಗೆ ಗಾಡಿಯನ್ನು ಎಳೆಸಿಕೊಂಡು ಹೋದೆ. ಸೋರುತ್ತಿದ್ದ ಸಿಲಿಂಡರ್ ಬದಲಾಯಿಸಿದರು, ನಾಲ್ಕೂ ಕಡೆ ಹೊಸ ಪ್ಯಾಡು, ಲೈನರ್ ಹಾಕಿದರು. ಹಳೆಯ ಆಯಿಲ್ ಚಹಾ ಡಿಕಾಕ್ಷನ್ ಥರ ಬಂತು. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಪೆಡಲ್ ಒತ್ತಿದ್ದು ನಾನೇ. ಕೆಂಪು ದೀಪ ಆರಿತು.

ಆಗ ನಾಗೇಶ್ ಒಂದು ಮಾತು ಕೇಳಿದರು. "ಅಕ್ಕಾ, ಈ ಗಾಡೀಲಿ ಎಬಿಎಸ್ ಐತಲ್ಲ, ಅದರ ಹಳದಿ ಲೈಟು ಯಾಕೆ ಬರ್ತಿಲ್ಲ?"

ಬರದಿದ್ದರೆ ಒಳ್ಳೆಯದೇ ಅಲ್ಲವೇ ಎಂದೆ.

"ಅಂಗಲ್ಲ ಕಣಕ್ಕಾ. ಕೀ ತಿರುಗಿಸಿದ ತಕ್ಷಣ ಅದು ಒಂದು ಸಲ ಹತ್ತಬೇಕು, ಎರಡು ಮೂರು ಸೆಕೆಂಡಿಗೆ ಆರಬೇಕು. ಹತ್ತಿ ಆರಿದ್ರೆ ಎಲ್ಲ ಸರಿ ಐತೆ ಅಂತ. ಹತ್ತಿ ಆರದಿದ್ರೆ ತೊಂದ್ರೆ ಐತೆ ಅಂತ. ಹತ್ತದೇ ಇಲ್ಲ ಅಂದ್ರೆ ಏನು ಅಂತ ಹೇಳಾದು?"

ಎಬಿಎಸ್ ಏನು ಮಾಡುತ್ತದೆ ಎಂದೂ ವಿವರಿಸಿದರು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಂಡರೆ ಗಾಡಿ ಜಾರುತ್ತದಂತೆ. ಸ್ಟೀರಿಂಗ್ ತಿರುಗಿಸಿದರೂ ಮಾತು ಕೇಳುವುದಿಲ್ಲವಂತೆ. ಚಕ್ರ ಕಚ್ಚಿಕೊಳ್ಳದ ಹಾಗೆ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುವುದೇ ಅದರ ಕೆಲಸವಂತೆ. ಮಳೆ ಬಂದು ನಿಂತಿತ್ತು. ಅಂಗಡಿಯ ಹಿಂದಿನ ಬಯಲಿನಲ್ಲಿ ಓಡಿಸಿ ಬ್ರೇಕ್ ಒತ್ತಿ ನೋಡಿದೆವು. ನಾಲ್ಕೂ ಚಕ್ರ ಕಚ್ಚಿಕೊಂಡವು. ನಾನು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ್ದೆ, ಗಾಡಿ ನೇರವಾಗಿಯೇ ಜಾರಿ ಹೋಯಿತು.

ಆ ಹಳದಿ ದೀಪ ಮೊದಲಿನಿಂದಲೂ ಹೀಗೇ ಇತ್ತೇ? ಅದು ಸರಿಯಾಗುವವರೆಗೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದ್ದೇನೆ.

ಪ್ರತಿಮಾ


ಶಿವಮೊಗ್ಗ ಕಾರಾಗೃಹ
೨೭ ಜೂನ್ ೨೦೨೫

ಪ್ರತಿಮಾ,

ಬಲ್ಬು ಸುಟ್ಟಿರುತ್ತದೆ, ಅಷ್ಟೇ. ಹದಿನೈದು ವರ್ಷದ ಗಾಡಿಯಲ್ಲಿ ಇಂಥವು ನೂರು ಇರುತ್ತವೆ. ನಾನು ಇಪ್ಪತ್ತನೆಯ ವಯಸ್ಸಿಗೆ ಕಡೂರಿನಲ್ಲಿ ಲೋಡು ಹೊಡೆಯುವಾಗ ಎಬಿಎಸ್ ಎಂಬ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಬ್ರೇಕು ಹಿಡಿಯುತ್ತಿದೆಯಲ್ಲ, ನಿಧಾನವಾಗಿ ಓಡಿಸು, ಮುಗಿಯಿತು. ಆ ನಾಗೇಶ್‌ಗೆ ಕೆಲಸ ಬೇಕು, ಹೊಸ ಹೊಸ ತೊಂದರೆ ತೋರಿಸುತ್ತಾನೆ.

ಮೀಟರ್ ಬೋರ್ಡು ಬಿಚ್ಚಿಸಬೇಡ ಎಂದು ಬರೆದಿದ್ದೆ. ಮತ್ತೆ ಬರೆಯುತ್ತಿದ್ದೇನೆ.

ಒದ್ದೆ ಬಯಲಿನಲ್ಲಿ ಜಾರಿಸಿ ನೋಡುವ ಅಗತ್ಯ ಏನಿತ್ತು? ನನ್ನನ್ನು ಎರಡು ಕೋರ್ಟುಗಳು ವಿಚಾರಣೆ ಮಾಡಿವೆ. ಮೂರನೆಯದು ಮನೆಯಲ್ಲೇ ಶುರುವಾದ ಹಾಗಿದೆ. ಅವನು ಅಡ್ಡ ಬಂದ. ಯಾವ ಗಾಡಿಯಾಗಿದ್ದರೂ ನಿಲ್ಲುತ್ತಿರಲಿಲ್ಲ.

ಅಮ್ಮನ ಮಂಡಿ ನೋವಿಗೆ ಎಣ್ಣೆ ಹಚ್ಚುತ್ತಿರು.

ಸಿದ್ದೇಶ್


ಅಜ್ಜಂಪುರ
೫ ಜುಲೈ ೨೦೨೫

ರೀ,

ಮೀಟರ್ ಬೋರ್ಡು ಬಿಚ್ಚಿಸಿದೆ. ಕ್ಲಿಪ್ಪು ಮುರಿಯಲಿಲ್ಲ.

ಬಲ್ಬು ಹಾಕಿದೆವು. ಕೀ ತಿರುಗಿಸಿದೊಡನೆ ಹಳದಿ ದೀಪ ಹತ್ತಿತು, ಆರಲಿಲ್ಲ. ನಾಗೇಶ್ ಸ್ಕ್ಯಾನರ್ ಹಾಕಿ ನೋಡಿದರು. ಮುಂದಿನ ಬಲ ಚಕ್ರದ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ ಎಂದು ತೋರಿಸಿತು. ಒಂದು ಚಕ್ರದ ವೇಗ ತಿಳಿಯದಿದ್ದರೆ ಎಬಿಎಸ್ ಪೂರ್ತಿ ಸುಮ್ಮನಾಗಿಬಿಡುತ್ತದಂತೆ. ನಾಳೆ ಕಡೂರಿಗೆ ಹೋಗಿ ಸೆನ್ಸರ್ ತರುತ್ತೇನೆ.

ಅತ್ತೆಗೆ ಎಣ್ಣೆ ಹಚ್ಚುತ್ತಿದ್ದೇನೆ.

ನಿಮಗೆ ನನ್ನ ಹತ್ತಿರ ಹೇಳುವುದೇನಾದರೂ ಇದ್ದರೆ ಬರೆಯಿರಿ. ಕಾಯುತ್ತೇನೆ.

ಪ್ರತಿಮಾ


ಅಜ್ಜಂಪುರ
೨ ಆಗಸ್ಟ್ ೨೦೨೫

ರೀ,

ನಾಲ್ಕು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಫೋನಿನಲ್ಲೂ ಅತ್ತೆಯ ಹತ್ತಿರ ಮಾತ್ರ ಮಾತಾಡಿ ಇಡುತ್ತೀರಿ. ಕೆಲಸ ಎಲ್ಲಿಗೆ ಬಂತು ಎಂದು ನಾನೇ ಬರೆಯುತ್ತೇನೆ.

ಕಡೂರಿನಿಂದ ತಂದ ಹೊಸ ಸೆನ್ಸರ್ ಹಾಕಿದೆವು. ದೀಪ ಆರಿತು. ಖುಷಿಯಾಗಿ ಊರ ಕಡೆ ಹೊರಟರೆ ಎರಡು ಕಿಲೋಮೀಟರ್ ದಾಟಿ ತಿರುವು ತೆಗೆದುಕೊಳ್ಳುತ್ತಿದ್ದ ಹಾಗೆ ಮತ್ತೆ ಹತ್ತಿತು. ಹಿಂದಕ್ಕೆ ತಿರುಗಿಸಿಕೊಂಡು ಹೋದೆ. ಸೆನ್ಸರ್ ಎಣಿಸುವ ಚಕ್ರದ ಹಲ್ಲಿನ ಬಳೆಯಲ್ಲಿ ತುಕ್ಕಿರಬಹುದು ಎಂದು ತಂತಿ ಬ್ರಷ್ಷಿನಿಂದ ಉಜ್ಜಿದರು. ಮತ್ತೆ ಆರಿತು, ಮತ್ತೆ ಹತ್ತಿತು. ಬೇರಿಂಗ್ ಅಲ್ಲಾಡುತ್ತಿದೆಯೇ ಎಂದು ಚಕ್ರ ಎತ್ತಿ ಅಲ್ಲಾಡಿಸಿ ನೋಡಿದರು. ಸರಿಯಾಗಿತ್ತು. ನಾಲ್ಕನೆಯ ದಿನ ನಾಗೇಶ್ ಕೈ ಒರೆಸಿಕೊಂಡು, "ಅಕ್ಕಾ, ಇದರ ಕಂಪ್ಯೂಟರ್ರೇ ಹೋಗಿರ್ಬೇಕು. ಬಿಟ್ಬಿಡಿ" ಎಂದರು. ಮೇಷ್ಟ್ರೂ ಫೋನು ಮಾಡಿದ್ದರು. ಎರಡು ಬಸ್ಸು ಬದಲಾಯಿಸಿ ಹೋಗಿ ಬಂದು ಅವರಿಗೆ ಸಾಕಾಗಿತ್ತು. "ಲೈಟು ತಾನೇ ಕಣಮ್ಮಾ, ಉರಿದ್ರೆ ಉರೀಲಿ ಬಿಡು" ಎಂದರು. ಇಲ್ಲ ಮೇಷ್ಟ್ರೇ ಎಂದೆ.

ದೀಪ ಹತ್ತುವುದು ತಿರುವಿನಲ್ಲಿ ಮಾತ್ರ, ಅದೂ ಬಲ ತಿರುವಿನಲ್ಲಿ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನಾಗೇಶ್ ಹತ್ತಿರ ವೈರು ಪರೀಕ್ಷಿಸುವ ಮೀಟರ್ ಇಸಿದುಕೊಂಡೆ. ಸೆನ್ಸರ್ ವೈರಿನ ತುದಿಯನ್ನು ಕಂಪ್ಯೂಟರಿನ ಕಡೆಯಿಂದ ಬಿಡಿಸಿ, ಮೀಟರಿನ ಕಡ್ಡಿಗಳನ್ನು ಅದಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೆ. ಸಾವಿರ ಓಮಿನ ಆಸುಪಾಸು ತೋರಿಸಿತು. ಅದು ಸರಿಯಾದ ಲೆಕ್ಕವಂತೆ. "ಈಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿ" ಎಂದು ನಾಗೇಶ್‌ಗೆ ಹೇಳಿದೆ. ಪೂರ್ತಿ ಬಲಕ್ಕೆ ಹೋದಾಗ ಅಂಕಿ ಮಾಯವಾಯಿತು. ನೇರ ಮಾಡಿದರೆ ಮತ್ತೆ ಬಂತು. ಹತ್ತು ಸಲ ತಿರುಗಿಸಿದೆವು, ಹತ್ತು ಸಲವೂ ಹಾಗೇ. ಚಕ್ರ ತಿರುಗುವಾಗ ಬಾಗುವ ಜಾಗದಲ್ಲಿ ವೈರು ಒಳಗೊಳಗೇ ತುಂಡಾಗಿತ್ತು. ಹೊರಗಿನ ರಬ್ಬರಿಗೆ ಗೀರು ಕೂಡ ಇರಲಿಲ್ಲ. ಆ ತುಂಡನ್ನು ಕತ್ತರಿಸಿ ತೆಗೆದು, ಹೊಸ ವೈರನ್ನು ಬೆಸುಗೆ ಹಾಕಿ ಸೇರಿಸಿ, ಎಳೆತ ಬೀಳದ ಹಾಗೆ ಸಡಿಲ ಬಿಟ್ಟು ಕಟ್ಟಿದೆವು. ನಾಲ್ಕು ದಿನದಿಂದ ಓಡಿಸುತ್ತಿದ್ದೇನೆ. ಕೀ ತಿರುಗಿಸಿದರೆ ಹತ್ತುತ್ತದೆ, ಆರುತ್ತದೆ. ಒದ್ದೆ ಬಯಲಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಾಲ ಕೆಳಗೆ ನಡುಗುತ್ತದೆ. ಎಡಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಬರುತ್ತದೆ.

ಇನ್ನು ಕಳೆದ ಕಾಗದದಲ್ಲಿ ನಾನು ಬರೆಯದೆ ಬಿಟ್ಟದ್ದು.

ಬಲ್ಬು ಸುಟ್ಟಿರಲಿಲ್ಲ. ಬಲ್ಬೇ ಇರಲಿಲ್ಲ. ಅದರ ತೂತಿನ ಮೇಲೆ ಕಪ್ಪು ಟೇಪು ಅಂಟಿಸಿತ್ತು. ಟೇಪಿನ ತುದಿಯನ್ನು, ಮತ್ತೆ ಬಿಡಿಸಲು ಸುಲಭವಾಗಲಿ ಎಂದು, ಒಂದು ಮಡಿಕೆ ಮಡಚಿತ್ತು. ನಮ್ಮ ಮನೆಯ ಸ್ವಿಚ್ಚು, ಪಂಪಿನ ವೈರು, ಅತ್ತೆಯ ಕನ್ನಡಕದ ಕಾಲು, ಎಲ್ಲದರ ಮೇಲೂ ನಿಮ್ಮ ಆ ಮಡಿಕೆ ಇದೆ. ನಾಗೇಶ್ ನನ್ನ ಮುಖ ನೋಡಿ ಆ ಕಡೆ ತಿರುಗಿಕೊಂಡರು.

ಯಾವಾಗ ತೆಗೆದಿರಿ? ಅಪಘಾತದ ಮೊದಲೋ, ಆಮೇಲೋ? ನನಗೆ ಅಷ್ಟು ಹೇಳಿ.

ಪ್ರತಿಮಾ


ಶಿವಮೊಗ್ಗ ಕಾರಾಗೃಹ
೧೪ ಆಗಸ್ಟ್ ೨೦೨೫

ಪ್ರತಿಮಾ,

ಮೊದಲು.

ಮೂರು ತಿಂಗಳು ಮೊದಲು. ದೀಪ ಹತ್ತಿ ನಿಂತಿತ್ತು. ತೋರಿಸಬೇಕು, ತೋರಿಸಬೇಕು ಎಂದುಕೊಂಡೇ ದಿನ ದೂಡಿದೆ. ಕಡೂರಿನಿಂದ ಒಂದು ಮದುವೆ ಪಾರ್ಟಿ ಬಾಡಿಗೆಗೆ ಬಂದಿತ್ತು. ಅವರಲ್ಲೊಬ್ಬರು ದೀಪ ನೋಡಿ, "ಏನಪ್ಪಾ, ಬ್ರೇಕ್ ಲೈಟು ಉರೀತಾ ಐತೆ" ಎಂದು ಇಳಿದು ಬೇರೆ ಗಾಡಿ ಮಾಡಿಕೊಂಡು ಹೋದರು. ಆ ಸಂಜೆಯೇ ಕಿತ್ತೆ. ಹತ್ತು ನಿಮಿಷದ ಕೆಲಸ. ಆಮೇಲೆ ಯಾರೂ ಕೇಳಲಿಲ್ಲ. ಸ್ವಲ್ಪ ದಿನದಲ್ಲಿ ನನಗೇ ಮರೆತು ಹೋಯಿತು.

ಆ ದಿನದ್ದನ್ನೂ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಇನ್ನೊಂದು ತಿಂಗಳು ಪೆನ್ನು ಮುಟ್ಟುವುದಿಲ್ಲ.

ತುಂತುರು ಮಳೆಯಿತ್ತು. ಏರಿಯ ಮೇಲೆ ಐವತ್ತರ ವೇಗದಲ್ಲಿದ್ದೆ. ಲಕ್ಷ್ಮಣಪ್ಪನವರು ತೂಬು ಇಳಿಸಿ ಮನೆ ಕಡೆ ಬರುತ್ತಿದ್ದರು. ಏರಿಯ ಅಂಚಿನಲ್ಲಿ, ತಮ್ಮ ಪಾಡಿಗೆ, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಡೆಯುತ್ತಿದ್ದರು. ಎದುರಿನಿಂದ ಟ್ರ್ಯಾಕ್ಟರ್ ಬಂತು. ಬ್ರೇಕ್ ಒತ್ತಿದೆ. ಚಕ್ರ ಕಚ್ಚಿಕೊಂಡವು. ಅವರನ್ನು ತಪ್ಪಿಸಲು ಬಲಕ್ಕೆ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ನೀನು ಬಯಲಿನಲ್ಲಿ ನೋಡಿದೆಯಲ್ಲ, ಹಾಗೇ. ಅಂಚಿನ ಕಡೆಗೇ ಜಾರಿತು. ಅವರು ಅಡ್ಡ ಬರಲಿಲ್ಲ. ಅವರು ಸರಿದುಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ.

ಕುಡಿದಿರಲೂ ಇಲ್ಲ. ಮೊದಲ ದಿನ ಸ್ಟೇಷನ್ನಿನ ಹೊರಗೆ ಯಾರೋ, "ಕುಡಿದಿದ್ನೇನೋ ಬಿಡಲೇ" ಎಂದರು. ನಾನು ಹೌದು ಎಂದುಬಿಟ್ಟೆ. ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ನೀನೂ, ಅಮ್ಮನೂ ಹೇಳಿದಿರಿ. ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ.

ನಿನ್ನನ್ನು ಭೇಟಿಗೆ ಬರಬೇಡ ಎಂದದ್ದು ಇದಕ್ಕೇ. ಎದುರು ಕೂತರೆ ನೀನು ಕೇಳುತ್ತೀಯ ಎಂದು ಗೊತ್ತಿತ್ತು.

ಒಂದೇ ಒಂದು ಮಾತು. ಅವರ ಹೆಂಡತಿ ಉಚ್ಚಂಗಮ್ಮನವರಿಗೆ ಈಗ ಹೇಳಬೇಡ. ಅರ್ಜಿ ಮುಗಿಯಲಿ. ಹೊರಗೆ ಬಂದ ಮೇಲೆ ನಾನೇ ಹೋಗಿ ಹೇಳುತ್ತೇನೆ.

ಸಿದ್ದೇಶ್


ಅಜ್ಜಂಪುರ
೨೦ ಆಗಸ್ಟ್ ೨೦೨೫

ರೀ,

ನಿಮ್ಮ ಕಾಗದ ಓದಿ ಎರಡು ದಿನ ಗಾಡಿಯ ಕೀ ಮುಟ್ಟಲಿಲ್ಲ. ಮೂರನೆಯ ದಿನ ಡಯಾಲಿಸಿಸ್ ಸರದಿ ಇತ್ತು, ಮೂವರನ್ನೂ ತರೀಕೆರೆಗೆ ಕರೆದುಕೊಂಡು ಹೋಗಿ ಬಂದೆ. ಏರಿಯ ಮೇಲೆಯೇ ಹೋದೆ.

ಏರಿ ಇಳಿದರೆ ಉಚ್ಚಂಗಮ್ಮ ಮನೆಯ ಮುಂದಿನ ಜಗುಲಿಯಲ್ಲಿ ಕೂತಿರುತ್ತಾರೆ. ಗಂಡ ಸತ್ತ ವರ್ಷ ಅಂಗಡಿ ಹತ್ತಿರ ನನಗೆ ಎದುರಾಗಿದ್ದರು. ನಾನು ಮುಖ ತಿರುಗಿಸಿಕೊಂಡು ಬಂದಿದ್ದೆ. ಕುಡುಕ ಗಂಡನಿಂದ ನಮ್ಮ ಮನೆ ಹಾಳಾಯಿತು ಎಂದು ನಾಲ್ಕು ಜನರ ಮುಂದೆ ಹೇಳಿದ್ದೆ. ನಿಮ್ಮ ಸುಳ್ಳಿಗೆ ನನ್ನ ಬಾಯಿಯೂ ಸೇರಿದೆ.

ಅರ್ಜಿ ಮುಗಿಯಲಿ ಎನ್ನುತ್ತೀರಿ. ಆ ಅರ್ಜಿಯಲ್ಲಿ ಏನು ಬರೆದಿದೆ? ಅವರು ಕುಡಿದು ಅಡ್ಡ ಬಂದರು ಎಂದು. ಅದನ್ನು ನಂಬಿಸಿ ನೀವು ಹೊರಗೆ ಬರುತ್ತೀರಿ, ಬಂದ ಮೇಲೆ ಅದು ಸುಳ್ಳು ಎಂದು ಆಕೆಗೆ ಹೇಳುತ್ತೀರಿ. ಆಕೆ ಅದನ್ನು ತೆಗೆದುಕೊಂಡು ಏನು ಮಾಡಬೇಕು?

ನಾನು ಹೋಗಿ ಹೇಳುವುದಿಲ್ಲ. ಹೇಳಬೇಕಾದವಳು ನಾನಲ್ಲ. ನೀವು ಬರೆಯಿರಿ. ಆಕೆಯ ಹೆಸರಿಗೇ ಬರೆಯಿರಿ. ಓದಲು ಬಾರದು, ನಾನು ಹೋಗಿ ಓದಿ ಹೇಳುತ್ತೇನೆ. ಆಕೆ ಏನು ಅಂದರೂ ಎದುರು ಕೂತು ಕೇಳಿಸಿಕೊಂಡು ಬರುತ್ತೇನೆ.

ವಕೀಲರಿಗೆ ವಿಷಯ ಹೇಳಿದರೆ ಫೋನಿನಲ್ಲಿ ಬೈದರು. "ಇದನ್ನ ಬರೆದುಕೊಟ್ರೆ ಅರ್ಜಿ ಅಲ್ಲಿಗೇ ಮುಗೀತು ಕಣಮ್ಮ, ಫೆಬ್ರವರಿವರೆಗೂ ಒಳಗೇ ಇರ್ಬೇಕಾಗ್ತದೆ" ಎಂದರು. ಇರಲಿ ಎಂದೆ. ಇರಬೇಕಾದವರು ನೀವು, ಇರಲಿ ಎನ್ನುವುದು ನನಗೆ ಸುಲಭ ಎಂದು ನಿಮಗೆ ಅನ್ನಿಸಬಹುದು. ಸುಲಭವಿಲ್ಲ. ಸೆಪ್ಟೆಂಬರಿಗೆ ನೀವು ಬರುತ್ತೀರಿ ಎಂದು ನಾನೂ ದಿನ ಎಣಿಸುತ್ತಿದ್ದೆ.

ಪ್ರತಿಮಾ


ಶಿವಮೊಗ್ಗ ಕಾರಾಗೃಹ
೨೯ ಆಗಸ್ಟ್ ೨೦೨೫

ಪ್ರತಿಮಾ,

ಅರ್ಜಿ ಹಿಂದಕ್ಕೆ ತೆಗೆಯಲು ವಕೀಲರಿಗೆ ಬರೆದು ಸಹಿ ಹಾಕಿ ಕಳಿಸಿದ್ದೇನೆ.

ಇದರ ಜೊತೆ ಇನ್ನೊಂದು ಕಾಗದವಿದೆ. ಆರು ಸಲ ಬರೆದು ಹರಿದೆ. ಇದು ಏಳನೆಯದು. ಕ್ಷಮಿಸಿ ಎಂಬ ಮಾತನ್ನು ಹಾಕಿದ್ದೆ, ಆಮೇಲೆ ತೆಗೆದೆ. ನಡೆದದ್ದನ್ನು ಮಾತ್ರ ಬರೆದಿದ್ದೇನೆ. ಓದುವಾಗ ಎಲ್ಲೂ ಮೆತ್ತಗೆ ಮಾಡಬೇಡ, ಇದ್ದ ಹಾಗೇ ಓದು.

ಅಮ್ಮನಿಗೆ ನಾನು ಫೋನಿನಲ್ಲಿ ಹೇಳುತ್ತೇನೆ.

ಸಿದ್ದೇಶ್


ಅಜ್ಜಂಪುರ
೮ ಸೆಪ್ಟೆಂಬರ್ ೨೦೨೫

ರೀ,

ನಿನ್ನೆ ಹೋಗಿದ್ದೆ. ನಾನು ಯಾರೆಂದು ಹೇಳುವ ಮೊದಲೇ ಉಚ್ಚಂಗಮ್ಮ, "ಗೊತ್ತೈತೆ, ಕೂತ್ಕೋ" ಎಂದರು. ಮಗ ದೇವರಾಜ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ನಾನು ಅಂಗಡಿ ಹತ್ತಿರ ಆಡಿದ ಮಾತಿಗೆ ಮೊದಲು ತಪ್ಪೊಪ್ಪಿಕೊಂಡೆ. ಆಮೇಲೆ ಕಾಗದ ತೆಗೆದು ಓದಿದೆ.

"ಅವರು ಏರಿಯ ಅಂಚಿನಲ್ಲಿ ತಮ್ಮ ಪಾಡಿಗೆ ನಡೆಯುತ್ತಿದ್ದರು" ಎಂಬಲ್ಲಿಗೆ ಬಂದಾಗ ಆಕೆ ಕೈ ಎತ್ತಿದರು. "ಅದನ್ನ ಇನ್ನೊಂದು ಸಲ ಓದು." ಓದಿದೆ. "ಜೋರಾಗಿ ಓದವ್ವ, ಅವನಿಗೂ ಕೇಳ್ಲಿ." ಮೂರನೆಯ ಸಲ ಓದಿದೆ. ದೇವರಾಜ ಚೊಂಬು ಹಿಡಿದುಕೊಂಡು ಹಾಗೇ ನಿಂತಿದ್ದ.

ಆಗ ಗೊತ್ತಾಯಿತು, ಮಗನೂ ಅದನ್ನು ನಂಬಿದ್ದ. ಅಪ್ಪ ಕುಡಿದು ಗಾಡಿಗೆ ಸಿಕ್ಕಿ ಸತ್ತ ಎಂಬ ನಾಚಿಕೆಗೆ ತಂದೆಯ ವರ್ಷದ ಪೂಜೆಗೂ ಕೂರುತ್ತಿರಲಿಲ್ಲವಂತೆ. "ನಿಮ್ಮಪ್ಪ ಕುಡಿಯೋನಲ್ಲ ಕಣೋ ಅಂತ ನಾಕು ವರ್ಷ ಬಡ್ಕಂಡೆ. ಹೆಂಡ್ತಿಯಾದೋಳು ಅಂಗೇ ಅಂತಾಳೆ ಅಂದ" ಎಂದರು ಆಕೆ. ದೇವರಾಜ ಮುಖಕ್ಕೆ ಟವೆಲ್ಲು ಒತ್ತಿಕೊಂಡು ಹಿತ್ತಲಿಗೆ ಹೋದ.

ಆಕೆ ಅಳಲಿಲ್ಲ. ಬೈಯಲೂ ಇಲ್ಲ. ಕಾಗದ ಇಸಿದುಕೊಂಡು ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು. ನಾನು ಎದ್ದಾಗ ಒಂದು ಮಾತು ಹೇಳಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ಅವನ ಮೇಲೆ ನಂಗಿರೋ ಸಿಟ್ಟು ಹೋಗಿಲ್ಲ, ಹೋಗೋದೂ ಇಲ್ಲ. ಅದನ್ನ ಕೇಳಕ್ಕೆ ಬರಬೇಡಿ. ಆದ್ರೆ ಕುಡುಕ ಅಂತ ಹೇಳಿದ್ದು ಊರಿನ ಮುಂದೆ. ಕಾಗದದಾಗೆ ಬರೆದ್ರೆ ನಾನೊಬ್ಳು ಕೇಳ್ದೆ. ಜೈಲಿಂದ ಬಂದ ಮ್ಯಾಕೆ ಏರಿ ಮೇಲೆ, ಊರೋರನ್ನೆಲ್ಲ ನಿಲ್ಲಿಸಿ, ಅವನ ಬಾಯಲ್ಲೇ ಹೇಳ್ಲಿ. ಬತ್ತಾನೋ ಇಲ್ವೋ ಕೇಳಿ ಬರಿ."

ಕೇಳುತ್ತಿದ್ದೇನೆ. ಆಕೆಗೆ ಉತ್ತರ ಬೇಕು.

ಪ್ರತಿಮಾ


ಶಿವಮೊಗ್ಗ ಕಾರಾಗೃಹ
೧೩ ಸೆಪ್ಟೆಂಬರ್ ೨೦೨೫

ಪ್ರತಿಮಾ,

ಬರುತ್ತೇನೆ ಎಂದು ಹೇಳು. ಫೆಬ್ರವರಿಯಲ್ಲಿ ಬಿಡುಗಡೆಯಾದ ದಿನವೇ. ಮನೆಗೆ ಆಮೇಲೆ.

ಸಿದ್ದೇಶ್